ಮಗಳಿಗೊಂದು ಪತ್ರ: ಆ ತಂಬಿಗೆ ನೀರು

ಬೆಟಗೇರಿ
ಭಾನುವಾರ ರಾತ್ರಿ

ಮಗಳೇ,

ನೀನು ಅರ್ಧ ಊಟಕ್ಕೆ ಎದ್ದು ರೈಲು ಹತ್ತಿ ಎಂಟು ದಿನ ಆಯಿತು. ನಿಮ್ಮವ್ವ ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿ ಇಲ್ಲೇ ಉಳಿಯಿತು. ಫೋನ್ ಮಾಡಿದರೆ ಮತ್ತೆ ಜಗಳ ಆದೀತು ಅಂತ ಬರೆಯುತ್ತಿದ್ದೇನೆ. ನರಕಕ್ಕೂ ಕೊನೆಯಿದೆ, ಕೊನೆಗೆ ಎಲ್ಲರೂ ಉಳಿಯುತ್ತಾರೆ ಅಂತ ನೀನು ವಾದಿಸಿದಾಗ "ಹಂಗಾದ್ರ ನೀನೂ ನರಕಕ್ಕ ಹೋಗು" ಅಂದೆನಲ್ಲ, ತಪ್ಪಾಯಿತು. ಸಿಟ್ಟಲ್ಲಿ ಬಂತು ಅಂತ ನೆಪ ಹೇಳುವುದಿಲ್ಲ.

ಆದರೆ ಎಂಟು ದಿನದಿಂದ ನಿದ್ದೆ ಕೆಡಿಸಿರುವುದು ಆ ಮಾತಲ್ಲ, ಆ ತಂಬಿಗೆ.

ಅಜ್ಜಿ ತೀರಿಕೊಂಡಾಗ ನಿನಗೆ ಒಂಬತ್ತು ವರ್ಷ. ಆಕೆ ಕೊನೆತನಕ ನಮ್ಮ ಹಾಗೆ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾಗಲಿಲ್ಲ. ಕ್ರಿಸ್ಮಸ್‌ಗೆ ನಮ್ಮ ಜೊತೆ ಬಂದು ಹಿಂದಿನ ಬೆಂಚಲ್ಲಿ ಕೂರುತ್ತಿದ್ದಳು. ಮನೆಗೆ ಬಂದು ತನ್ನ ದೇವರಿಗೆ ದೀಪ ಹಚ್ಚುತ್ತಿದ್ದಳು. "ಅಜ್ಜಿ ಈಗ ಎಲ್ಲಿದಾಳಪ್ಪಾ?" ಅಂತ ನೀನು ಕೇಳಿದೆ. "ನಂಬದವರು ಎಲ್ಲಿಗೆ ಹೋಗ್ತಾರಂತ ಬೈಬಲಲ್ಲೇ ಬರದೈತಲ್ಲ" ಅಂದುಬಿಟ್ಟೆ.

ಆಮೇಲೊಂದು ರಾತ್ರಿ ನೀರು ಕುಡಿಯಲು ಎದ್ದೆ. ಅಜ್ಜಿ ಕಂಡಿಕೆ ಸುತ್ತುತ್ತಿದ್ದ ರಾಟೆಯ ಪಕ್ಕ ಅವಳ ಹಿತ್ತಾಳೆ ತಂಬಿಗೆ ಇತ್ತು. ತುಂಬಾ ನೀರು. ಮೇಲೆ ನೀನು ಅವಳ ಬಟ್ಟಲು ಬೋರಲು ಹಾಕಿದ್ದೆ, ಧೂಳು ಬೀಳದಂತೆ. ನಿನ್ನನ್ನು ಎಬ್ಬಿಸಿ ಕೇಳಿದರೆ, "ಅಜ್ಜಿ ನಾಲಿಗಿ ಸುಡತಿರತದ" ಅಂದೆ. ಐಶ್ವರ್ಯವಂತ ಬೆಂಕಿಯೊಳಗಿಂದ ಒಂದು ಹನಿ ನೀರು ಬೇಡುವ ಲೂಕನ ಸುವಾರ್ತೆಯ ಕಥೆಯನ್ನು ನೀನು ಸಂಡೇ ಸ್ಕೂಲಲ್ಲಿ ಕೇಳಿದ್ದೆ. ನಾನು ಬೈದೆ. ಆ ನೀರನ್ನು ಹಿತ್ತಲಲ್ಲಿ ಕರಿಬೇವಿನ ಬುಡಕ್ಕೆ ಚೆಲ್ಲಿದೆ. ನೀನು ಅಳಲಿಲ್ಲ. ನೋಡುತ್ತಾ ನಿಂತಿದ್ದೆ, ಅಷ್ಟೇ. ಒಂಬತ್ತು ವರ್ಷದ ಮಗುವಿಗೆ ನನ್ನ ತಾಯಿಯ ತೀರ್ಪು ಹೇಳಲು ನಾನು ಯಾರು?

ನೀನು ಬಿಟ್ಟುಹೋದ ಪುಸ್ತಕ ಓದಿದೆ. ನಮ್ಮ ಚರ್ಚಿನ ಅಯ್ಯನವರ ಹತ್ತಿರವೂ ಕೂತು ಕೇಳಿದೆ. ಮತ್ತಾಯನ ಸುವಾರ್ತೆ 25ರ 'ನಿತ್ಯ'ಕ್ಕೆ ಗ್ರೀಕ್‌ನಲ್ಲಿ ಐಯೋನಿಯೋಸ್, ಅದಕ್ಕೆ 'ಯುಗಕ್ಕೆ ಸೇರಿದ್ದು' ಅಂತಲೂ ಅರ್ಥವಿದೆ ಅಂದೆಯಲ್ಲ, ಸರಿ. ನೇಕಾರರ ಮನೆಯಲ್ಲಿ ಗ್ರೀಕ್ ಪದ ಬಿಡಿಸಿ ಹೇಳುವ ಮಗಳು ಹುಟ್ಟಿದ್ದು ನನಗೆ ದೊಡ್ಡ ಹೆಮ್ಮೆ. ಅವತ್ತು ಹೇಳಲಿಲ್ಲ. ಆದರೆ ಹಳೆಯ ಕಾಲದ ಸಭಾಗುರು ಅಗಸ್ಟೀನನ ಮಾತನ್ನೂ ಕೇಳು. ಅದೇ ವಚನದಲ್ಲಿ ನಿತ್ಯಜೀವವೂ ಇದೆ, ನಿತ್ಯದಂಡನೆಯೂ ಇದೆ. ಒಂದಕ್ಕೆ ಕೊನೆಯಿಲ್ಲ ಅಂದರೆ ಇನ್ನೊಂದಕ್ಕೆ ಹೇಗೆ ಕೊನೆ ಬರುತ್ತೆ? ಕೊನೆಗೆ ಎಲ್ಲವೂ ದೇವರ ಕಡೆ ತಿರುಗುತ್ತದೆ ಎಂಬ ಆಸೆ ಅಗಸ್ಟೀನನಿಗೂ ಮೊದಲಿನ ಗುರು ಓರಿಜೆನ್‌ಗಿತ್ತು. 553ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವನ ಹೆಸರನ್ನು ಪಾಷಂಡಿಗಳ ಸಾಲಿಗೆ ಸೇರಿಸಿತು. ಅದೇ ಆಸೆಯಿದ್ದ ನಿಸ್ಸ ಊರಿನ ಬಿಷಪ್ ಗ್ರೆಗೊರಿಯನ್ನು ಮಾತ್ರ ಕ್ರೈಸ್ತ ಸಭೆ ಇವತ್ತಿಗೂ ಸಂತ ಅನ್ನುತ್ತದೆ.

ಆ ಗ್ರೆಗೊರಿ ಒಂದು ಹಗ್ಗದ ಮಾತು ಬರೆದಿದ್ದಾನೆ. ಸಾಯುತ್ತಿದ್ದ ತನ್ನ ಅಕ್ಕ ಮಕ್ರೀನಾ ಹೇಳಿದಂತೆ ಬರೆದದ್ದು. ಕೆಸರು ಮೆತ್ತಿ ಗಟ್ಟಿಯಾದ ಹಗ್ಗವನ್ನು ಸಣ್ಣ ತೂತಿನೊಳಗಿಂದ ಎಳೆದರೆ ಕೆಸರು ಕೆರೆದುಹೋಗುತ್ತೆ, ಹಗ್ಗ ಆಚೆ ಬರುತ್ತೆ. ದೇವರು ಎಳೆಯುವುದು ನೋಯಿಸಲು ಅಲ್ಲ, ತನ್ನ ಕಡೆಗೆ ತಂದುಕೊಳ್ಳಲು. ನೋವು ಮೆತ್ತಿಕೊಂಡ ಕೆಸರಿನಿಂದ. ಗಂಟು ಬಿದ್ದ ನೂಲನ್ನು ಕತ್ತರಿಸದೆ, ಮಧ್ಯಾಹ್ನವೆಲ್ಲಾ ಕೂತು ಬಿಡಿಸುತ್ತಿದ್ದ ನಮ್ಮವ್ವ ಕಣ್ಣ ಮುಂದೆ ಬಂದಳು. ಅಲ್ಲಿಂದ ಮುಂದೆ ಓದಲು ಆಗಲಿಲ್ಲ.

ಹಾಗಂತ ಪಾಪಕ್ಕೆ ಲೆಕ್ಕವೇ ಇಲ್ಲ ಅಂದುಕೊಳ್ಳಬೇಡ. ಸಾಲಕ್ಕೆ ನೇಕಾರನ ಮಗ್ಗ ಹೊತ್ತುಕೊಂಡು ಹೋದವನಿಗೂ ಉತ್ತರ ಕೊಡುವ ದಿನ ಬರಬೇಕು, ಅಲ್ವಾ? ಪ್ರಾರ್ಥನೆ ಬಿಡಬೇಡ. ಅಲ್ಲಿ ಒಂದು ಸಭೆ ನೋಡಿಕೊ. ಒಬ್ಬಳೇ ಕೂತು ಜಾಸ್ತಿ ಯೋಚನೆ ಮಾಡಬೇಡ. ನೋಡು, ಮತ್ತೆ ಉಪದೇಶ ಶುರುವಾಯಿತು.

ಎಲ್ಲರೂ ಉಳಿಯುತ್ತಾರೆ ಅಂತ ನಿನ್ನ ಹಾಗೆ ಗಟ್ಟಿಯಾಗಿ ಹೇಳಲು ನನಗೆ ಇನ್ನೂ ಭಯ. ಆದರೆ ಅಜ್ಜಿ ಬಗ್ಗೆ ಅಂದದ್ದನ್ನು ಹಿಂದಕ್ಕೆ ತಗೊಂಡಿದ್ದೇನೆ. 1841ರಲ್ಲಿ ಕ್ರಿಸ್ತನ ಸುವಾರ್ತೆ ಸಾರಲು ಬಾಸೆಲ್ ಮಿಶನ್‌ನವರು ಬೆಟಗೇರಿಗೆ ಬಂದಾಗ ಮೊದಲು ನಂಬಿದವರೂ ತಮ್ಮ ಸತ್ತ ತಾಯಂದಿರ ಬಗ್ಗೆ ಇದನ್ನೇ ಕೇಳಿರಬೇಕು. ಅವರಿಗೆ ಯಾರು ಏನು ಹೇಳಿದರೋ.

ಒಂದು ತಿಳಿಸು. ನಾನು ನೋಡಿದ್ದು ಒಂದೇ ರಾತ್ರಿ. ಅದಕ್ಕೆ ಮೊದಲು ಎಷ್ಟು ದಿನ ಆ ತಂಬಿಗೆ ಇಟ್ಟಿದ್ದೆ? ನಾನು ಚೆಲ್ಲಿದ ಮೇಲೂ ಇಟ್ಟೆಯಾ? ನಿಮ್ಮವ್ವನಿಗೂ ಗೊತ್ತಿಲ್ಲವಂತೆ.

ನಿನ್ನ
ಅಪ್ಪ