ಸಚಿವರೇ, ಇಂಗ್ಲಿಷ್ ಪರೀಕ್ಷೇಲಿ ಮಕ್ಕಳನ್ನ ಒಂದ್ಸಲ ಮಾತಾಡ್ಸಿ ನೋಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಲಗ್ಗೆರೆಯಿಂದ ಒಬ್ಬ ಟ್ಯೂಷನ್ ಮಿಸ್ಸಿನ ನಮಸ್ಕಾರ.

ಸರ್, ನಾನೇನು ದೊಡ್ಡ ಓದು ಓದ್ದವಳಲ್ಲ. ಬಿಕಾಂ ಮಾಡಿದೀನಿ, ಪೀಣ್ಯದಲ್ಲಿ ಒಂದು ಸಣ್ಣ ಫ್ಯಾಕ್ಟರಿ ಆಫೀಸಲ್ಲಿ ಬಿಲ್ಲಿಂಗ್ ನೋಡ್ಕೋತೀನಿ, ಸಾಯಂಕಾಲ ಆರೂವರೆಯಿಂದ ಎಂಟರ ತನಕ ನಮ್ಮನೆ ಹಾಲಲ್ಲಿ ಹನ್ನೊಂದು ಮಕ್ಕಳು ಚಾಪೆ ಮೇಲೆ ಕೂತಿರ್ತವೆ. ಎಲ್ಲಾ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ, ಅದರಲ್ಲಿ ಆರು ಜನ ಈ ವರ್ಷ ಎಸ್ಸೆಸ್ಸೆಲ್ಸಿ. ಅಪ್ಪ ಅಮ್ಮಂದಿರದ್ದು ಗಾರ್ಮೆಂಟ್ಸು, ಆಟೋ, ಮನೆಕೆಲಸ. ನನ್ನ ಹತ್ರ ಬರೋದು ಇಂಗ್ಲಿಷಿಗೆ ಮಾತ್ರ, ಆದ್ದರಿಂದ ನಾನು ಬರೀತಿರೋದೂ ಅದರ ಬಗ್ಗೆ ಮಾತ್ರ.

ಹೋದ ವಾರ ಟ್ಯೂಷನ್ ಬಿಡೋ ಹೊತ್ತಿಗೆ ಗೇಟ್ ಹತ್ರ ಯಾರೋ ಹೊರಗಿನವರು ನಿಂತ್ಕೊಂಡು ಗೊರಗುಂಟೆಪಾಳ್ಯ ಮೆಟ್ರೋಗೆ ಹೆಂಗೆ ಹೋಗೋದು ಅಂತ ಇಂಗ್ಲಿಷಲ್ಲಿ ಕೇಳಿದ್ರು. ಅವತ್ತು ಕೊಟ್ಟ ರಿಪೋರ್ಟೆಡ್ ಸ್ಪೀಚ್ ಟೆಸ್ಟಲ್ಲಿ ಹತ್ತಕ್ಕೆ ಹತ್ತು ತೆಗೆದಿದ್ದ ಹುಡುಗಿ ನನ್ನ ಬೆನ್ನ ಹಿಂದೆ ಬಂದು ನಿಂತ್ಕೊಂಡ್ಲು. ಮೂರು ತೆಗೆದಿದ್ದ ಹುಡುಗ ಇದಾನಲ್ಲ, ಅವನು ಮುಂದೆ ಹೋಗಿ 'ಸ್ಟ್ರೈಟ್ ಗೋ ಅಂಕಲ್, ರಿಂಗ್ ರೋಡ್ ಕಮ್, ದೇರ್ ಬಸ್ ಕ್ಯಾಚ್' ಅಂದ, ಕೈಯಲ್ಲಿ ತೋರಿಸ್ದ, ಅವರು ಥ್ಯಾಂಕ್ಯೂ ಹೇಳಿ ಹೋದ್ರು. ಈಗ ನಿಮ್ಮ ಪೇಪರ್ ಪ್ರಕಾರ ಇವರಿಬ್ಬರಲ್ಲಿ ಯಾರಿಗೆ ಇಂಗ್ಲಿಷ್ ಬರುತ್ತೆ ಸರ್? ನಿಜ ಹೇಳ್ಬೇಕಂದ್ರೆ ಇಬ್ಬರಿಗೂ ಅರ್ಧ ಬರುತ್ತೆ. ಆ ಹುಡುಗ ಹೀಗೇ ಮಾತಾಡಿದ್ರೆ ನಾಳೆ ಶೋರೂಂ ಕೆಲಸಕ್ಕೂ ತಗೊಳಲ್ಲ, ಅದು ನಂಗೂ ಗೊತ್ತು. ಆದ್ರೆ ನಿಮ್ಮ ಪರೀಕ್ಷೆ ಅವಳ ಅರ್ಧಕ್ಕೆ ಪೂರ್ತಿ ಮಾರ್ಕ್ಸ್ ಕೊಟ್ಟು ಇವನ ಅರ್ಧಾನ ಲೆಕ್ಕಕ್ಕೇ ತಗೊಳಲ್ಲ, ನನ್ನ ತಕರಾರು ಇಷ್ಟೇ.

ನಂದೂ ಅದೇ ಕಥೆ. ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಿ 94 ಬಂದಾಗ ನಮ್ಮಪ್ಪ ಇಡೀ ಬೀದಿಗೆ ಮೈಸೂರ್‌ಪಾಕ್ ಹಂಚಿದ್ರು. ಡಿಗ್ರಿ ಆದ್ಮೇಲೆ ಒಂದು ಕಂಪನಿ ಇಂಟರ್‌ವ್ಯೂ, ಕಂಪ್ಯೂಟರ್ ಮೇಲಿನ ಗ್ರಾಮರ್ ಟೆಸ್ಟ್ ಆರಾಮಾಗಿ ಪಾಸು, ಆಮೇಲೆ ಒಬ್ಬ ಮೇಡಂ ಎದುರಿಗೆ ಕೂರ್ಸಿ ನಿನ್ನೆ ಬೆಳಗ್ಗೆಯಿಂದ ಏನೇನ್ ಮಾಡ್ದೆ ಹೇಳಮ್ಮ ಅಂತ ಇಂಗ್ಲಿಷಲ್ಲಿ ಕೇಳಿದ್ರು, ಅಷ್ಟೇ. ಎದ್ದೆ, ಸ್ನಾನ ಮಾಡ್ದೆ, ಬಸ್ ಹತ್ತಿದೆ, ಈ ಮೂರು ವಾಕ್ಯ ಹೇಳಕ್ಕಾಗಲಿಲ್ಲ ಸರ್. ಗಂಟಲು ಒಣಗೋಯ್ತು. ವಾಪಸ್ ಬರ್ತಾ ಬಸ್ಸಲ್ಲಿ ಅದೇ ಮೂರು ವಾಕ್ಯ ಮನಸ್ಸಲ್ಲೇ ಹೇಳ್ಕೊಂಡು ಬಂದೆ, ತಪ್ಪಿಲ್ದಂಗೆ.

ಪೇಪರ್ ವಿಷ್ಯಕ್ಕೆ ಬರ್ತೀನಿ. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ, 80 ಮಾರ್ಕ್ಸ್ ರೈಟಿಂಗ್, 20 ಇಂಟರ್ನಲ್ಸ್. 80ರಲ್ಲಿ ಪಾಠದ ಪ್ರಶ್ನೆ ಇವೆ, ಪದ್ಯ ಬಾಯಿಪಾಠ ಮಾಡಿ ಬರೆಯೋದಿದೆ, ಲೆಟರ್ ಇದೆ, ಎಸ್ಸೇ ಇದೆ, ಜೊತೆಗೆ ಕ್ವೆಶ್ಚನ್ ಟ್ಯಾಗು, ಪ್ಯಾಸಿವ್ ವಾಯ್ಸು, ರಿಪೋರ್ಟೆಡ್ ಸ್ಪೀಚು. ಪಾಠ, ಪದ್ಯದ ತಂಟೆಗೆ ಹೋಗಲ್ಲ. ಈ ಗ್ರಾಮರ್ ಪ್ರಶ್ನೆಗಳು ಮಾತ್ರ ನಮ್ಮ ಮಕ್ಕಳು ಎಲ್ಲಿ ಎಡವ್ತಾರೋ ಆ ಜಾಗ ಬಿಟ್ಟು ಮಿಕ್ಕಿದ್ದೆಲ್ಲಾ ಕೇಳ್ತವೆ.

ಒಂದು ಉದಾಹರಣೆ, ರಿಪೋರ್ಟೆಡ್ ಸ್ಪೀಚು, ಅಂದ್ರೆ ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಹೇಳೋದು. ಕನ್ನಡದಲ್ಲಿ ನಾವು 'ನಾಳೆ ಬರ್ತೀನಿ ಅಂತ ರವಿ ಹೇಳ್ದ' ಅಂತೀವಿ. ರವಿ ಬಾಯಿಂದ ಬಂದಿದ್ದು ಹಂಗಂಗೇ ಇದೆ, ಕೊನೇಲಿ ಒಂದು 'ಅಂತ' ಅಂಟಿಸಿದ್ವಿ, ಕೆಲಸ ಮುಗೀತು. ಇಂಗ್ಲಿಷಲ್ಲಿ 'ಐ' ಹೋಗಿ 'ಹಿ' ಆಗ್ಬೇಕು, 'ವಿಲ್' ಹೋಗಿ 'ವುಡ್' ಆಗ್ಬೇಕು, 'ಟುಮಾರೋ' ಹೋಗಿ 'ದ ನೆಕ್ಸ್ಟ್ ಡೇ' ಆಗ್ಬೇಕು. ಯಾಕೆ ಅಂದ್ರೆ ಅಲ್ಲಿ ಮಾತು ರವಿ ಕೈಯಿಂದ ಹೇಳೋರ ಕೈಗೆ ಬಂದ್ಬಿಡುತ್ತೆ, ನಮ್ಮಲ್ಲಿ ಮಾತು ರವಿ ಹತ್ರಾನೇ ಇರುತ್ತೆ. ಇದನ್ನ ಹತ್ತು ನಿಮಿಷ ಕೂತು ಹೇಳಿದ್ರೆ ಎಂಟನೇ ಕ್ಲಾಸ್ ಮಗೂಗೂ ಅರ್ಥ ಆಗುತ್ತೆ ಸರ್, ನಾನು ಹೇಳಿ ನೋಡಿದೀನಿ. ಗೈಡಲ್ಲಿರೋದು ಒಂದು ಟೇಬಲ್ಲು, ಎಡಗಡೆ ನೌ, ಬಲಗಡೆ ದೆನ್, ಎಡಗಡೆ ದಿಸ್, ಬಲಗಡೆ ದಟ್. ಮಗು ಮಗ್ಗಿ ಥರ ಒಪ್ಪಿಸುತ್ತೆ, ಪರೀಕ್ಷೆಯಿಂದ ಆಚೆ ಬಂದು ಮರೆಯುತ್ತೆ.

ಪ್ಯಾಸಿವ್ ವಾಯ್ಸ್ ಬಿಡಿ, 'ರಾಮನಿಂದ ಮಾವಿನಹಣ್ಣು ತಿನ್ನಲ್ಪಟ್ಟಿತು' ಅನ್ನೋ ವಾಕ್ಯಾನ ಕನ್ನಡ ನಾಡಲ್ಲಿ ಯಾವ ತಾಯಿಯಾದ್ರೂ ಮಗೂಗೆ ಹೇಳಿದಾಳಾ.

ಕ್ವೆಶ್ಚನ್ ಟ್ಯಾಗ್ ಅಂದ್ರೆ ವಾಕ್ಯದ ಕೊನೇಲಿ ಬರೋ ಪುಟ್ಟ ಪ್ರಶ್ನೆ, ಅದಕ್ಕೆ ನಮ್ಮ ಹತ್ರ ಒಂದೇ ಒಂದು 'ಅಲ್ವಾ' ಇದೆ, ಎಲ್ಲದಕ್ಕೂ ಆಗುತ್ತೆ. ಅದಕ್ಕೇ ಬೆಂಗಳೂರಿನ ಇಂಗ್ಲಿಷಲ್ಲಿ ಎಲ್ಲದಕ್ಕೂ ಒಂದೇ 'ಈಸಂಟ್ ಇಟ್'. ನಮ್ಮ ಆಫೀಸಿಗೆ ದಿನಾ ಫೋನ್ ಬರುತ್ತೆ, ಪುಣೆಯಿಂದ, ಕೊಯಮತ್ತೂರಿಂದ, 'ಹ್ಯಾಸಂಟ್ ಶಿ' ಅಂತ ಯಾರೂ ಕೇಳಿಲ್ಲ ಇದುವರೆಗೂ. ಆದ್ರೆ ಟ್ಯಾಗ್ ತಪ್ಪಾದ್ರೆ ಪೂರ್ತಿ ಮಾರ್ಕ್ ಹೋಯ್ತು.

ಅದೇ ನಮ್ಮ ಮಕ್ಕಳು ದಿನಾ ಮಾಡೋ ತಪ್ಪು ಬೇರೆ. 'ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದೆ' ಅಂತ ಮನಸ್ಸಲ್ಲಿ ಇಟ್ಕೊಂಡು 'ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮಾರ್ಕೆಟ್' ಅಂತಾರೆ, ಸುಮ್ನೆ 'ವೆಂಟ್' ಅಂದ್ರೆ ಸಾಕಿತ್ತು. ಕನ್ನಡದಲ್ಲಿ 'ಎ', 'ದ' ಅನ್ನೋದೇ ಇಲ್ಲ, ಅದನ್ನ ಎಲ್ಲಿ ಹಾಕ್ಬೇಕು ಅಂತ ಡಿಗ್ರಿ ಆದ್ರೂ ಗೊತ್ತಾಗಲ್ಲ, ನಂಗೇ ಇನ್ನೂ ಡೌಟು. ಪ್ರಶ್ನೆ ತೆಗೆಯೋರು ಒಂದ್ಸಲ ಮಕ್ಕಳು ಬರೆದ ನೂರು ಲೆಟರ್ ಮುಂದೆ ಇಟ್ಕೊಂಡು, ಅದರಲ್ಲಿರೋ ತಪ್ಪುಗಳಿಂದಾನೇ ಪೇಪರ್ ತೆಗೆದ್ರೆ ಹೆಂಗಿರುತ್ತೆ.

ಇದೆಲ್ಲಾ ಹೊಸ ಮಾತೇನಲ್ಲ ಸರ್, ನಂಗೆ ಆಶ್ಚರ್ಯ ಆಗಿದ್ದು ಅಲ್ಲೇ. ನಮ್ಮ ಊರಲ್ಲೇ 1979ರಲ್ಲಿ ಎನ್.ಎಸ್. ಪ್ರಭು ಅನ್ನೋರು, ಮದ್ರಾಸಿನ ಬ್ರಿಟಿಷ್ ಕೌನ್ಸಿಲಲ್ಲಿದ್ದವರು, ಒಂದು ಪ್ರಯೋಗ ಶುರು ಮಾಡಿದ್ರು, 1984ರ ತನಕ ನಡೀತು. ಪ್ರಪಂಚದಲ್ಲಿ ಭಾಷೆ ಕಲಿಸೋದರ ಬಗ್ಗೆ ಓದೋರಿಗೆಲ್ಲಾ ಅದು 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತಾನೇ ಗೊತ್ತು, ನಮ್ಮೂರಲ್ಲಿ ಯಾರನ್ನ ಕೇಳಿದ್ರೂ ಅದ್ಯಾವ ಅಪಾರ್ಟ್‌ಮೆಂಟು ಅಂತಾರೆ. ಮಕ್ಕಳ ಮುಂದೆ ರೈಲ್ವೆ ಟೈಮ್ ಟೇಬಲ್ ಇಡೋದು, ಮ್ಯಾಪ್ ಇಡೋದು, ಯಾವ ರೈಲು ಹತ್ತಿದ್ರೆ ಬೇಗ ಸೇರ್ತೀಯಾ ಅಂತ ಇಂಗ್ಲಿಷಲ್ಲಿ ಕೇಳೋದು. ಮೊದಲು ಟೀಚರ್ ಇಡೀ ಕ್ಲಾಸ್ ಜೊತೆ ಒಂದು ಮಾಡಿ ತೋರ್ಸೋದು, ಆಮೇಲೆ ಅಂಥದ್ದೇ ಇನ್ನೊಂದನ್ನ ಮಗು ತಾನೇ ಮಾಡೋದು. ಗ್ರಾಮರ್ ಪಾಠ ಅಂತ ಬೇರೆ ಇಲ್ಲ. ಮಗೂನ ಗಮನ ಅರ್ಥದ ಮೇಲಿದ್ದಾಗ ಗ್ರಾಮರ್ ತಾನೇ ಒಳಗೆ ಕೂರುತ್ತೆ ಅನ್ನೋದು ಅವರ ನಂಬಿಕೆ.

ಅದರಿಂದ ಎಲ್ಲಾ ಸರಿ ಹೋಯ್ತು ಅಂತ ನಾನು ಹೇಳ್ತಿಲ್ಲ. 1985ರಲ್ಲಿ ಬೆರೆಟ್ಟಾ, ಡೇವಿಸ್ ಅನ್ನೋ ಇಬ್ಬರು ಇದರ ಮೌಲ್ಯಮಾಪನ ಪ್ರಕಟಿಸಿದ್ರು, ಸ್ವಾರಸ್ಯ ಇರೋದೇ ಅದರಲ್ಲಿ. ಮಾಮೂಲಿ ಪದ್ಧತೀಲಿ ಓದಿದ ಮಕ್ಕಳು ಒಟ್ಟಾರೆ ಮಾಮೂಲಿ ಗ್ರಾಮರ್ ಟೆಸ್ಟಲ್ಲಿ ಚೆನ್ನಾಗಿ ಮಾಡಿದ್ರು, ಪ್ರಾಜೆಕ್ಟ್ ಮಕ್ಕಳು ಟಾಸ್ಕ್ ಥರದ ಟೆಸ್ಟಲ್ಲಿ ಮುಂದಿದ್ರು. ನನ್ನ ಕಣ್ಣಿಗೆ ಇದರಲ್ಲಿ ಕಾಣೋದು ಒಂದೇ, ನೀವು ಏನು ಅಳೀತೀರೋ ಶಾಲೇಲಿ ಅದೇ ಬೆಳೆಯುತ್ತೆ. ಮೇಷ್ಟ್ರುಗಳನ್ನ ಎಷ್ಟು ಟ್ರೈನಿಂಗಿಗೆ ಕಳಿಸಿದ್ರೂ (ದಕ್ಷಿಣ ರಾಜ್ಯಗಳ ಇಂಗ್ಲಿಷ್ ಟೀಚರ್‌ಗಳಿಗೇ ಅಂತ 1963ರಲ್ಲಿ ಶುರುವಾದ ಒಂದು ಸಂಸ್ಥೆ ಜ್ಞಾನಭಾರತೀಲಿ ಇದೆ) ಅವರು ವಾಪಸ್ ಬಂದು ಕಲಿಸೋದು ಮಾರ್ಚಲ್ಲಿ ಬರೋ ಪೇಪರನ್ನೇ. ಅವರನ್ನ ಬೈಯೋಕಾಗಲ್ಲ, ರಿಸಲ್ಟ್ ಕಮ್ಮಿ ಆದ್ರೆ ನೋಟಿಸ್ ಬರೋದು ಅವರಿಗೆ.

ಹೊರಗಡೆ ನೋಡಿ. ಫಾರಿನ್ ಹೋಗೋರು ಬರೆಯೋ ಐಇಎಲ್‌ಟಿಎಸ್‌ನಲ್ಲಿ ಗ್ರಾಮರ್ ಅಂತ ಬೇರೆ ಪೇಪರೇ ಇಲ್ಲ. ಕೇಳು, ಓದು, ಬರಿ, ಮಾತಾಡು, ನಾಲ್ಕೇ, ಬರೆಯೋದ್ರಲ್ಲಿ ಮಾತಾಡೋದ್ರಲ್ಲಿ ಕಾಲು ಭಾಗ ಅಂಕ ಗ್ರಾಮರ್ ನೋಡಿ ಕೊಡ್ತಾರೆ. ಅಂಥದ್ದೇ ಇನ್ನೊಂದು ಪರೀಕ್ಷೆ ಟೋಫೆಲ್ಲಲ್ಲಿ ಮೊದಲು ಗ್ರಾಮರ್ ವಿಭಾಗ ಬೇರೆ ಇತ್ತು, 2005ರಲ್ಲಿ ಇಂಟರ್‌ನೆಟ್ ಟೆಸ್ಟ್ ಬಂದಾಗ ತೆಗೆದ್ರು. ಅಷ್ಟೆಲ್ಲಾ ಯಾಕೆ, ಕೇಂಬ್ರಿಜ್‌ನೋರು 1913ರಲ್ಲಿ ಬೇರೆ ಭಾಷೆಯವರಿಗೆ ಮೊದಲ ಇಂಗ್ಲಿಷ್ ಪರೀಕ್ಷೆ ಮಾಡಿದ್ರು, ಮೂರೇ ಜನ ಕೂತಿದ್ದು, ಮೂರೂ ಜನ ಫೇಲು (ನಮ್ಮ ಮಕ್ಕಳಿಗೆ ಇದನ್ನ ಹೇಳಿದ್ರೆ ಬಹಳ ಸಮಾಧಾನ). ಅದರಲ್ಲೂ ಗಟ್ಟಿಯಾಗಿ ಓದೋದು, ಪರೀಕ್ಷಕರ ಜೊತೆ ಮಾತಾಡೋದು ಇತ್ತು ಸರ್. ನೂರು ವರ್ಷ ಮೇಲಾಯ್ತು.

ನಂಗೇನು ಬೇಕು ಅಂದ್ರೆ, ಆ 20 ಇಂಟರ್ನಲ್ಸಲ್ಲಿ ಹತ್ತು ಮಾರ್ಕ್ಸ್ ಮಾತಿಗೆ ಇಡಿ. ಈಗ ಆ 20 ಹೆಂಗೆ ಬೀಳುತ್ತೆ ಅಂತ ನಿಮಗೂ ಗೊತ್ತು ನಮಗೂ ಗೊತ್ತು, ಚಾರ್ಟ್ ಅಂಟಿಸಿದ್ರೆ ಹದಿನೆಂಟು. ಪಕ್ಕದ ಶಾಲೆ ಟೀಚರ್ ಬರಲಿ, ಒಂದು ಮಗೂಗೆ ಮೂರು ನಿಮಿಷ, ನಲವತ್ತು ಮಕ್ಕಳಿಗೆ ಎರಡು ಗಂಟೆ, ಫೋನಲ್ಲಿ ರೆಕಾರ್ಡ್ ಆಗಲಿ, ಡೌಟ್ ಬಂದ್ರೆ ಮಲ್ಲೇಶ್ವರದ ಬೋರ್ಡ್ ಆಫೀಸಲ್ಲಿ ಯಾರಾದ್ರೂ ಕೇಳಲಿ. ಬಸ್ ಲೇಟಾಯ್ತು ಅಂತ ಮ್ಯಾನೇಜರಿಗೆ ಹೇಳು, ಅಮ್ಮಂಗೆ ಹುಷಾರಿಲ್ಲ ಅಂತ ಡಾಕ್ಟರ್ ಹತ್ರ ಹೇಳು, ಇಂಥವು. ಪೂರ್ತಿ ತಪ್ಪಿಲ್ಲದ ಇಂಗ್ಲಿಷ್ ಬೇಡ, ಎದುರಿಗಿರೋರಿಗೆ ವಿಷ್ಯ ತಲುಪಿದ್ರೆ ಅರ್ಧ ಮಾರ್ಕ್ಸ್, ಸರಿಯಾಗಿ ತಲುಪಿದ್ರೆ ಮಿಕ್ಕಿದ್ದು. ಕಾಪಿ ಹೊಡೀತಾರೆ ಅಂತ ಪರೀಕ್ಷಾ ಕೊಠಡಿಗಳಿಗೆಲ್ಲಾ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಹಾಕ್ಸೋಕೆ ಆಯ್ತಲ್ಲ, ಅದೇ ಕೊಠಡೀಲಿ ಒಂದು ಸ್ಪೀಕರ್ ಇಟ್ಟು ಐದು ನಿಮಿಷ ಇಂಗ್ಲಿಷ್ ಕೇಳ್ಸೋದು ಕಷ್ಟ ಅಲ್ಲ. ಗ್ರಾಮರ್ ತೆಗೀಬೇಡಿ, ಟ್ಯಾಗು ಪ್ಯಾಸಿವ್ವು ಬದಲು ತಪ್ಪಿರೋ ಒಂದು ಲೆಟರ್ ಕೊಟ್ಟು ತಿದ್ದು ಅನ್ನಿ, ಬೆಸ್ಕಾಂಗೆ ಬರೆದ ಕಂಪ್ಲೇಂಟೇ ಆಗಲಿ.

ಇಂಗ್ಲಿಷ್ ಇಂಗ್ಲಿಷ್ ಅಂತಾಳೆ, ಕನ್ನಡದ ಗತಿ ಏನು ಅಂತ ಯಾರಾದ್ರೂ ಕೇಳಬಹುದು. ಸರ್ಕಾರಿ ಶಾಲೇಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ತಂದಿದ್ದು 2007ರಲ್ಲಿ, ಅದಾದ್ಮೇಲೆ ಸೇರಿದ ಮಕ್ಕಳು ಹತ್ತು ವರ್ಷ ಇಂಗ್ಲಿಷ್ ಓದಿ ದಾರಿ ಹೇಳೋಕೆ ಬರಲ್ಲ ಅಂದಾಗ ಅಪ್ಪ ಅಮ್ಮ ಚಿಕ್ಕೋರನ್ನ ಸಾಲ ಮಾಡಿ ಕಾನ್ವೆಂಟಿಗೆ ಹಾಕ್ತಾರೆ. ನಮ್ಮ ಬೀದೀಲೇ ಮೂರು ಮನೆ ಹಾಕಿದಾರೆ. ಕನ್ನಡ ಮೀಡಿಯಂ ಖಾಲಿ ಆಗ್ತಿರೋದು ಹೀಗೆ.

ಇನ್ನೊಂದು, ವಿಜಯನಗರದ ಕೋಚಿಂಗ್ ಸೆಂಟರಲ್ಲಿ ನನ್ನ ತಮ್ಮ ಕೆಪಿಎಸ್‌ಸಿ ಕಮ್ಯುನಿಕೇಶನ್ ಪೇಪರಿಗೆ ಓದ್ತಿದಾನೆ, ಅದರಲ್ಲೂ 35 ಮಾರ್ಕ್ಸ್ ಇಂಗ್ಲಿಷ್, ಸಿನೋನಿಮ್ಸ್ ಲಿಸ್ಟ್ ಗೋಡೆಗೆ ಅಂಟಿಸಿದಾನೆ. ಅದು ನಿಮ್ಮ ಖಾತೆ ಅಲ್ಲ, ಅದಕ್ಕೆ ಇನ್ನೊಂದು ಪತ್ರ ಬರೀತೀನಿ.

ಒಂದಿನ ಸಾಯಂಕಾಲ ಬಿಡುವಾದ್ರೆ ಲಗ್ಗೆರೆ ಕಡೆ ಬನ್ನಿ ಸರ್. ಬೆನ್ನ ಹಿಂದೆ ನಿಂತಿದ್ದ ಹುಡುಗಿ ಈಗ ದಿನಾ ಒಬ್ಬರಿಗೆ ದಾರಿ ಹೇಳೋದು ಅಂತ ಪ್ರಾಕ್ಟೀಸ್ ಮಾಡ್ತಿದಾಳೆ, ಯಾರೂ ಸಿಗದ ದಿನ ನಂಗೇ ಹೇಳ್ತಾಳೆ. ನಿಮಗೆ ಮೆಟ್ರೋಗೆ ದಾರಿ ಅವಳೇ ಹೇಳ್ತಾಳೆ, ಇಂಗ್ಲಿಷಲ್ಲಿ. ಮಾರ್ಕ್ಸ್ ನೀವು ಹಾಕಿ.

ಇಂತಿ,
ಲಗ್ಗೆರೆಯ ಟ್ಯೂಷನ್ ಮಿಸ್