ಟೋ ಬ್ಲೇಕ್ ಯಾವ ಪುಸ್ತಕದಲ್ಲೂ ಇಲ್ಲ ಮಾರಾಯ

ಗೆಳೆಯಾ,

ಹೇಗಿದ್ದೀಯೋ. ನೀನು ಕ್ವಿಜ್‌ಗೆ ಬರದೇ ಇದ್ದಿದ್ದಕ್ಕೆ ಬೇಜಾರೇನಿಲ್ಲ ಬಿಡು ಅಂತ ಅವತ್ತು ರಾತ್ರಿ ಮೆಸೇಜ್ ಹಾಕಿದ್ನಲ್ಲ, ಅದು ಶುದ್ಧ ಸುಳ್ಳು. ಬೇಜಾರಿದೆ. ಒಂದೇ ಒಂದು ಮಾರ್ಕ್‌ನಲ್ಲಿ ಸೋತ್ವಿ, ಆ ಮಾರ್ಕ್ ಕಳೆದವನು ನಾನೇ, ನೀನು ಪಕ್ಕದಲ್ಲಿ ಕೂತಿದ್ರೆ ನನ್ನ ಕೈಯಿಂದ ಪೆನ್ಸಿಲ್ ಕಿತ್ಕೊಂಡು ಸರಿ ಮಾಡ್ತಿದ್ದೆ. ಏನಾಯ್ತು ಅಂತ ಪೂರ್ತಿ ಹೇಳ್ತೀನಿ, ಫೋನಲ್ಲಿ ಹೇಳಿದ್ರೆ ಅರ್ಧಕ್ಕೇ ನಗೋಕೆ ಶುರು ಮಾಡ್ತೀಯ, ಅದಕ್ಕೇ ಪತ್ರ.

ಕೊನೇ ರೌಂಡು. ಕ್ವಿಜ್ ಮಾಸ್ಟರ್ ಒಂದು ಹೆಸರು ಓದ್ತಾರೆ, ಅದು ಐಸ್ ಹಾಕಿ ಆಟಗಾರನದೋ ಇಲ್ಲಾ ಹಳೇ ಮಕ್ಕಳ ಪುಸ್ತಕದ ಪಾತ್ರದ್ದೋ ಹೇಳ್ಬೇಕು. ಆಟಗಾರ ಆದ್ರೆ 'ಹಾ', ಪುಸ್ತಕ ಆದ್ರೆ 'ಪು'. ಅಷ್ಟೇ. ಕೇಳಿದ ತಕ್ಷಣ ನಾವೆಲ್ಲ ಇದೇನು ಮಹಾ ಅಂದ್ಕೊಂಡ್ವಿ, ಆಟ ಬೇರೆ ಪುಸ್ತಕ ಬೇರೆ, ಗೊತ್ತಿಲ್ಲದಿದ್ರೂ ಊಹೆ ಮಾಡಿದ್ರೆ ಅರ್ಧ ಮಾರ್ಕ್ ಅಂತೂ ಗ್ಯಾರಂಟಿ ಅಂತ.

ಮೊದಲನೇ ಹೆಸರು ಅಗಸ್ಟಸ್ ಗ್ಲೂಪ್. ಸುಲಭ, 1964ರ ಚಾಕೊಲೇಟ್ ಫ್ಯಾಕ್ಟರಿ ಕಥೆಯಲ್ಲಿ ಚಾಕೊಲೇಟ್ ನದಿಗೆ ಬೀಳೋ ಹೊಟ್ಟೆಬಾಕ ಹುಡುಗ. ಎಲ್ಲ ಟೇಬಲ್‌ನವರೂ 'ಪು' ಬರೆದ್ರು. ಅದರ ಬೆನ್ನಿಗೇ ಎರಡನೇದು, ಹೋಕನ್ ಲೂಬ್. ನೋಡು ಆ ಮನುಷ್ಯನ ಕಿತಾಪತಿ, ಗ್ಲೂಪ್ ಆದ್ಮೇಲೆ ಲೂಬ್! ಕಿವಿಗೆ ಎರಡೂ ಒಂದೇ ಫ್ಯಾಕ್ಟರಿಯಿಂದ ಬಂದ ಹಾಗೆ ಕೇಳುತ್ತೆ. ಅರ್ಧ ಜನ 'ಪು' ಬರೆದು ಸಿಕ್ಕಿಬಿದ್ರು. ಹೋಕನ್ ಲೂಬ್ ಅಪ್ಪಟ ಸ್ವೀಡನ್ ಆಟಗಾರ, ಕ್ಯಾಲ್ಗರಿ ಫ್ಲೇಮ್ಸ್‌ಗೆ 1987-88ರ ಒಂದೇ ಸೀಸನ್‌ನಲ್ಲಿ 50 ಗೋಲ್ ಹೊಡೆದವನು, ಮುಂದಿನ ವರ್ಷ ಅಲ್ಲಿನ ಅತಿ ದೊಡ್ಡ ಟ್ರೋಫಿ ಸ್ಟ್ಯಾನ್ಲಿ ಕಪ್ ಗೆದ್ದು, ಸಾಕಪ್ಪಾ ಅಂತ ಸ್ವೀಡನ್‌ಗೆ ವಾಪಸ್ ಹೋದವನು. ಇದು ನನಗೆ ಗೊತ್ತಿತ್ತು, ಹೆಮ್ಮೆಯಿಂದ 'ಹಾ' ಅಂತ ದೊಡ್ಡದಾಗಿ ಬರೆದೆ.

ಮೂರನೇದು ಚಾರ್ಲಿ ಬಕೆಟ್. ಅದೇ ಚಾಕೊಲೇಟ್ ಕಥೆಯ ಹೀರೋ, ಚಿಕ್ಕ ಮಗುವಿಗೂ ಗೊತ್ತು. ಆದ್ರೆ ನಮ್ಮ ಟೀಮಲ್ಲಿ ಹಾಕಿ ಹುಚ್ಚನೊಬ್ಬ ಇದಾನಲ್ಲ, ಹಾಕಿ ಆಡೋರು ಹೆಲ್ಮೆಟ್‌ಗೆ ಬಕೆಟ್ ಅಂತಾರೆ ಕಣ್ರೋ, ಇವನು ಯಾರೋ ಹಳೇ ಗೋಲ್‌ಕೀಪರ್ ಇರ್ಬೇಕು ಅಂತ ಹಠ ಹಿಡಿದ. ತುಂಬ ತಿಳ್ಕೊಂಡವರ ಕಷ್ಟ ಇದು. ಹೇಗೋ ಬಾಯಿ ಮುಚ್ಚಿಸಿ 'ಪು' ಬರೆದ್ವಿ.

ನಾಲ್ಕನೇದನ್ನ ಕ್ವಿಜ್ ಮಾಸ್ಟರ್ ಬೇಕಂತಲೇ ಇಂಗ್ಲಿಷ್ ಸ್ಪೆಲಿಂಗ್ ಹೇಗಿದ್ಯೋ ಹಾಗೇ ಓದಿದ್ರು, ಮಿರೊಸ್ಲಾವ್ ಸೇಟನ್. ಇಡೀ ಹಾಲ್ ನಗು. ಅಂಥ ಹೆಸರನ್ನ ಕಥೆ ಬರೆಯೋರು ಬಿಟ್ರೆ ಇನ್ಯಾರು ಇಡ್ತಾರೆ ಹೇಳು. ಆದ್ರೆ ಅವನು ಸ್ಲೊವಾಕಿಯಾದವನು, ಬಫಲೋ ಸೇಬರ್ಸ್‌ಗೆ ವರ್ಷಗಟ್ಟಲೆ ಗೋಲ್ ಹೊಡೆದವನು, ಅವರ ಭಾಷೇಲಿ ಅದರ ಉಚ್ಚಾರ ಶತನ್ ಅಂತ, ಸೈತಾನನಿಗೂ ಅವನಿಗೂ ಸಂಬಂಧ ಇಲ್ಲ. ಇದೂ ಸರಿ ಬಂತು.

ಐದನೇದು ಗಂಪ್ ವರ್ಸ್ಲಿ. ಇವನ ಬಗ್ಗೆ ನೀನೇ ನನಗೆ ಹೇಳಿದ್ದು ನೆನಪಿದ್ಯಾ? ನ್ಯೂಯಾರ್ಕ್ ರೇಂಜರ್ಸ್‌ನ ಗೋಲ್‌ಕೀಪರ್, ಯಾವ ಟೀಮ್ ನಿನಗೆ ಜಾಸ್ತಿ ಕಾಟ ಕೊಡುತ್ತೆ ಅಂತ ಯಾರೋ ಕೇಳಿದ್ದಕ್ಕೆ ರೇಂಜರ್ಸ್ ಅಂದ್ನಂತೆ. ತನ್ನ ಟೀಮೇ! ಅಷ್ಟು ಕೆಟ್ಟದಾಗಿ ಆಡ್ತಿದ್ರಂತೆ ಮುಂದಿದ್ದವರು. ಜಾಕ್ ಪ್ಲಾಂಟ್ ಅನ್ನೋ ಇನ್ನೊಬ್ಬ ಗೋಲ್‌ಕೀಪರ್ 1959ರ ನವೆಂಬರ್ 1ರಂದು ಮುಖಕ್ಕೆ ಪಕ್, ಅಂದ್ರೆ ಚೆಂಡಿನ ಬದಲು ಆಡೋ ಬಿಲ್ಲೆ, ಬಿದ್ದು ಹೊಲಿಗೆ ಹಾಕಿಸ್ಕೊಂಡು ಬಂದು, ಮಾಸ್ಕ್ ಇಲ್ಲದೆ ಆಡಲ್ಲ ಅಂತ ಕೂತ್ನಲ್ಲ, ಅದಾದ್ಮೇಲೆ ನಿಧಾನಕ್ಕೆ ಹೆಚ್ಚುಕಮ್ಮಿ ಎಲ್ಲ ಗೋಲ್‌ಕೀಪರ್‌ಗಳೂ ಮಾಸ್ಕ್ ಹಾಕ್ಕೊಂಡ್ರೂ ಈ ಗಂಪ್ ತನ್ನ ಕೊನೇ ಸೀಸನ್ ತನಕ, ಅಂದ್ರೆ 1973-74ರವರೆಗೆ, ಬರೀ ಮುಖದಲ್ಲೇ ನಿಂತ. 170 ಗ್ರಾಂ ಗಟ್ಟಿ ರಬ್ಬರು, ಅದನ್ನೂ ಪುಟಿಯಬಾರ್ದು ಅಂತ ಫ್ರೀಜ್ ಮಾಡಿ ಆಡ್ತಾರೆ, ಅದರ ಮುಂದೆ ಬರೀ ಮುಖ. ಗಂಪ್ ಅನ್ನೋದು ಅವನ ನಿಜವಾದ ಹೆಸರೂ ಅಲ್ಲ, ಆಂಡಿ ಗಂಪ್ ಅನ್ನೋ ಪೇಪರ್ ಕಾಮಿಕ್‌ನ ಪಾತ್ರದ ಥರ ಕಾಣ್ತಾನೆ ಅಂತ ಹುಡುಗನಾಗಿದ್ದಾಗ ಇಟ್ಟ ಅಡ್ಡಹೆಸರು. ಅಂದ್ರೆ ಅರ್ಧ 'ಹಾ', ಅರ್ಧ 'ಪು' ಅನ್ನು.

ಆಮೇಲೆ ಬಂತು ನೋಡು ಆರನೇದು. ಟೋ ಬ್ಲೇಕ್.

ಕಾಲ್ಬೆರಳು ಅಂತ ಹೆಸರಿಟ್ಕೊಂಡು ಯಾರಾದ್ರೂ ಸ್ಕೇಟ್ಸ್ ಕಟ್ತಾರಾ ಅಂತ ನನ್ನ ಲಾಜಿಕ್ಕು. ಕಡಲ್ಗಳ್ಳರ ಕಥೆಯಲ್ಲಿ ಒಂದು ಬೆರಳು ಕಳ್ಕೊಂಡ ನಾವಿಕ ಇರ್ಬೇಕು, ಟ್ರೆಷರ್ ಐಲ್ಯಾಂಡ್‌ನಲ್ಲಿ ಬಿಲ್ಲಿ ಬೋನ್ಸ್, ಬ್ಲ್ಯಾಕ್ ಡಾಗ್ ಇಲ್ವಾ, ಅವರ ಪಕ್ಕ ಟೋ ಬ್ಲೇಕ್ ಕೂತ್ರೆ ಯಾರಿಗೂ ಅನುಮಾನ ಬರಲ್ಲ. ಮೊದಲು 'ಹಾ' ಬರೆದಿದ್ದೆ. ರಬ್ಬರಿಂದ ಉಜ್ಜಿ 'ಪು' ಬರೆದೆ. ಹಾಕಿ ಹುಚ್ಚ ಏನೋ ಗೊಣಗಿದ, ಮತ್ತೆ ಉಜ್ಜಿ 'ಹಾ' ಮಾಡ್ದೆ. ಆದ್ರೆ ಈ ಪುಣ್ಯಾತ್ಮನೇ ತಾನೆ ಚಾರ್ಲಿ ಬಕೆಟ್‌ನ ಗೋಲ್‌ಕೀಪರ್ ಮಾಡೋಕೆ ಹೊರಟಿದ್ದು ಅಂತ ನೆನಪಾಗಿ ಮತ್ತೆ ಉಜ್ಜಿದೆ, ಅಷ್ಟೊತ್ತಿಗೆ ಪೇಪರ್ ಹರಿದು ಆ ಜಾಗದಲ್ಲಿ ಸಣ್ಣ ತೂತು, ತೂತಿನ ಪಕ್ಕ ಓರೆಯಾಗಿ 'ಪು' ಅಂತ ಬರೆದು ಕೊಟ್ಬಿಟ್ಟೆ.

ಟೋ ಬ್ಲೇಕ್ ಯಾರು ಅಂತ ನಿನಗೆ ನಾನು ಹೇಳೋದು ಬೇಡ. ಮಾಂಟ್ರಿಯಲ್ ಕೆನೇಡಿಯನ್ಸ್‌ನಲ್ಲಿ ಮೊರೀಸ್ ರಿಷಾರ್, ಎಲ್ಮರ್ ಲ್ಯಾಕ್ ಜೊತೆ ಪಂಚ್ ಲೈನ್ ಅಂತ ಹೆಸರಾಗಿದ್ದ ಮೂವರಲ್ಲಿ ಒಬ್ಬ, ಆಮೇಲೆ ಅದೇ ಟೀಮಿಗೆ ಕೋಚ್ ಆಗಿ 8 ಸ್ಟ್ಯಾನ್ಲಿ ಕಪ್ ಗೆಲ್ಲಿಸಿದವನು. ಅಂಥವನನ್ನ ಕಡಲ್ಗಳ್ಳ ಮಾಡ್ಬಿಟ್ಟೆ. ಹಾಕಿ ಹುಚ್ಚ ಆಮೇಲೆ ಕ್ವಿಜ್ ಮುಗಿಯೋ ತನಕ ನನ್ನ ಜೊತೆ ಮಾತೇ ಆಡ್ಲಿಲ್ಲ.

ಮನೆಗೆ ಬಂದು ನಿದ್ದೆ ಬರ್ಲಿಲ್ಲ. ಈ ಟೋ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಹುಡುಕ್ದೆ. ಅವನ ಹೆಸರು ಹೆಕ್ಟರ್. ಪುಟ್ಟ ತಂಗಿಗೆ ಹೆಕ್ಟರ್ ಅನ್ನೋಕೆ ಬರ್ತಿರ್ಲಿಲ್ಲ, ಹೆಕ್-ಟೋ ಅಂತಿದ್ಳು. ಅಷ್ಟೇ. ಆ ತೊದಲು ನುಡಿ ಅವನ ಜೊತೆ ಹಾಲ್ ಆಫ್ ಫೇಮ್ ತನಕ ಹೋಯ್ತು. ಮನೇಲಿ ಪುಟ್ಟ ಅಂತ ಕರೆದ್ರೆ ಅರವತ್ತು ದಾಟಿದ್ರೂ ಆ ಹೆಸರು ಬಿಡಲ್ವಲ್ಲ, ಹಾಗೆ. ಅಲ್ಲಿಂದ ಮುಂದಕ್ಕೆ ಹೋದ್ರೆ ಡಿಟ್ ಕ್ಲ್ಯಾಪರ್ ಸಿಕ್ದ, ಬಾಸ್ಟನ್ ಬ್ರೂಯಿನ್ಸ್‌ನವನು, ಎನ್‌ಎಚ್‌ಎಲ್‌ನಲ್ಲಿ, ಅಂದ್ರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್‌ನಲ್ಲಿ, 20 ಸೀಸನ್ ಆಡಿದ ಮೊದಲಿಗ. ಅವನನ್ನ ಮನೇಲಿ ವಿಕ್ ಅಂತ ಕರೀತಿದ್ರು, ಮಗು ಬಾಯಲ್ಲಿ ಅದು ಡಿಟ್ ಆಯ್ತು, ತನ್ನ ಹೆಸರು ತಾನೇ ತಪ್ಪು ಹೇಳಿ ಆ ತಪ್ಪಲ್ಲೇ ಜೀವನಪೂರ್ತಿ ಬದುಕಿದ!

ಈಗ ಪುಸ್ತಕದ ಕಡೆ ಬಾ. ಪಿಪ್ಪಿ ಲಾಂಗ್‌ಸ್ಟಾಕಿಂಗ್ ಅನ್ನೋ ಹೆಸರು ಇಟ್ಟಿದ್ದು ಅದನ್ನ ಬರೆದ ಸ್ವೀಡನ್ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅಲ್ಲ, ಅವಳ ಮಗಳು ಕಾರಿನ್. 1941ರಲ್ಲಿ ಜ್ವರ ಬಂದು ಮಲಗಿದ್ದ ಹುಡುಗಿ, ಅಮ್ಮಾ ಪಿಪ್ಪಿ ಲಾಂಗ್‌ಸ್ಟಾಕಿಂಗ್ ಕಥೆ ಹೇಳು ಅಂದ್ಳು, ಆ ಕ್ಷಣಕ್ಕೆ ಬಾಯಿಗೆ ಬಂದ ಹೆಸರು. ಹೆಸರೇ ಇಷ್ಟು ವಿಚಿತ್ರ ಇದ್ರೆ ಹುಡುಗಿ ಇನ್ನೆಷ್ಟು ವಿಚಿತ್ರ ಇರ್ಬೇಕು ಅಂತ ಅಮ್ಮ ಕಥೆ ಕಟ್ಟಿದ್ಲು. ಅದನ್ನ ಬರೆದಿಟ್ಟಿದ್ದು ಮೂರು ವರ್ಷ ಆದ್ಮೇಲೆ, 1944ರಲ್ಲಿ ಹಿಮದಲ್ಲಿ ಜಾರಿ ಬಿದ್ದು ಕಾಲು ಉಳುಕಿಸ್ಕೊಂಡು ಹಾಸಿಗೆ ಹಿಡಿದಾಗ. ಮೊದಲು ಕಳಿಸಿದ ಪ್ರಕಾಶಕರು ಬೇಡ ಅಂದ್ರು, ಪಾಪ ಅವರ ಹೊಟ್ಟೆ ಎಷ್ಟು ಉರಿದಿರ್ಬೇಡ.

ವಿನ್ನಿ ದ ಪೂ ಕಥೆ ಅಂತೂ ಇನ್ನೂ ಚೆಂದ, ಇದು ಸೀದಾ ಹಾಕಿ ಊರಿಗೇ ಹೋಗುತ್ತೆ. 1914ರ ಆಗಸ್ಟ್‌ನಲ್ಲಿ ಹ್ಯಾರಿ ಕೋಲ್‌ಬರ್ನ್ ಅನ್ನೋ ಸೈನ್ಯದ ಪಶುವೈದ್ಯ ರೈಲಲ್ಲಿ ಹೋಗ್ತಾ ಒಂಟಾರಿಯೋದ ವೈಟ್ ರಿವರ್ ಸ್ಟೇಷನ್‌ನಲ್ಲಿ ಇಳಿದು, ಒಬ್ಬ ಬೇಟೆಗಾರನ ಹತ್ರ 20 ಡಾಲರ್ ಕೊಟ್ಟು ಕರಡಿ ಮರಿ ತಗೊಂಡ, ತಾನಿದ್ದ ವಿನಿಪೆಗ್ ಊರಿನ ನೆನಪಿಗೆ ವಿನ್ನಿ ಅಂತ ಕರೆದ. ಯುದ್ಧಕ್ಕೆ ಫ್ರಾನ್ಸ್‌ಗೆ ಹೋಗುವಾಗ ಅದನ್ನ ಲಂಡನ್ ಝೂನಲ್ಲಿ ಬಿಟ್ಟ, ಅಲ್ಲಿ ಅದನ್ನ ನೋಡಿದ ಕ್ರಿಸ್ಟೋಫರ್ ರಾಬಿನ್ ಅನ್ನೋ ಹುಡುಗ ತನ್ನ ಗೊಂಬೆ ಕರಡಿಗೆ ಅದೇ ಹೆಸರಿಟ್ಟ, ಅದರ ಜೊತೆಗೆ ಒಂದು ಹಂಸವನ್ನ ಕರೀತಿದ್ದ ಪೂ ಅನ್ನೋ ಹೆಸರನ್ನೂ ಅಂಟಿಸಿದ. ಅಪ್ಪ ಮಿಲ್ನ್ 1926ರಲ್ಲಿ ಪುಸ್ತಕ ಮಾಡಿದ. ಇದರಲ್ಲಿ ಒಂದು ಒಳ್ಳೇ ಪ್ರಶ್ನೆ ಇದೆ, ಝೂನಲ್ಲಿದ್ದ ಆ ವಿನ್ನಿ ಗಂಡೋ ಹೆಣ್ಣೋ ಅಂತ. ಹೆಣ್ಣು. ಹತ್ತಕ್ಕೆ ಒಂಬತ್ತು ಜನ ತಪ್ಪು ಹೇಳ್ತಾರೆ, ಬೇಕಾದ್ರೆ ಕೇಳಿ ನೋಡು.

ನನಗೆ ಆ ರಾತ್ರಿ ಹೊಳೆದಿದ್ದು ಏನಂದ್ರೆ, ಆ ರೌಂಡ್ ಯಾಕೆ ಅಷ್ಟು ಕಷ್ಟ ಆಯ್ತು ಅಂದ್ರೆ ಟೋ, ಡಿಟ್, ಪಿಪ್ಪಿ, ಪೂ ಈ ನಾಲ್ಕನ್ನೂ ಇಟ್ಟಿದ್ದು ಚಿಕ್ಕ ಮಕ್ಕಳು. 'ಹಾ'ನೋ 'ಪು'ನೋ ಅಂತ ದೊಡ್ಡವರ ಲಾಜಿಕ್ ಹಾಕಿದ್ರೆ ಎಲ್ಲಿಂದ ಗೊತ್ತಾಗ್ಬೇಕು. ಹೆಸರು ಬಿಡು, ಹಾಕಿಯಲ್ಲಿ ನಂಬರ್‌ಗಳದ್ದೂ ಇದೇ ಕಥೆ. ರಿಷಾರ್ ಮೊದಲು 15 ಹಾಕ್ತಿದ್ದ, 1943ರಲ್ಲಿ ಹುಟ್ಟಿದ ಮಗಳು 9 ಪೌಂಡ್ ತೂಗಿದ್ಲು ಅಂತ ಜರ್ಸಿ ನಂಬರ್ 9 ಮಾಡಿಸ್ಕೊಂಡ. ಅತ್ತ ಡೆಟ್ರಾಯಿಟ್‌ನಲ್ಲಿ ಗಾರ್ಡಿ ಹೋ ಅವನದ್ದೂ 9. ಆ ಹೋನ ಭಕ್ತ ವೇಯ್ನ್ ಗ್ರೆಟ್ಸ್ಕಿ ಹುಡುಗನಾಗಿದ್ದಾಗ ಜೂನಿಯರ್ ಟೀಮಲ್ಲಿ 9 ಕೇಳಿದ್ರೆ ಬೇರೆಯವನ ಹತ್ರ ಇತ್ತು, ಸರಿ ಹಾಗಾದ್ರೆ ಎರಡು ಸಲ ಇರ್ಲಿ ಅಂತ 99 ಹಾಕ್ಕೊಂಡ. ಈಗ ಇಡೀ ಎನ್‌ಎಚ್‌ಎಲ್‌ನಲ್ಲಿ ಆ 99 ಯಾರೂ ಹಾಕೋ ಹಾಗಿಲ್ಲ.

ಆ 9ನೇ ನಂಬರ್ರೇ ಪುಸ್ತಕದೊಳಗೂ ಹೋಯ್ತು. ರೋಕ್ ಕ್ಯಾರಿಯೇ ಬರೆದ ಹಾಕಿ ಸ್ವೆಟರ್ ಕಥೆ ನೀನು ಓದಿಲ್ಲ ಅಂದ್ರೆ ನಿನ್ನ ಜೊತೆ ಟೂ. ಕ್ವಿಬೆಕ್‌ನ ಹಳ್ಳಿ ಹುಡುಗರೆಲ್ಲ ರಿಷಾರ್‌ನ 9ನೇ ನಂಬರ್ ಸ್ವೆಟರ್ ಹಾಕ್ಕೊಂಡು, ಅವನ ಥರಾನೇ ತಲೆ ಬಾಚ್ಕೊಂಡು ಆಡ್ತಿರ್ತಾರೆ. ಈ ಹುಡುಗನ ಸ್ವೆಟರ್ ಹಳೇದಾಯ್ತು ಅಂತ ಅಮ್ಮ ಈಟನ್ಸ್ ಅಂಗಡಿಗೆ ಕಾಗದ ಬರೆದು ಹೊಸದು ತರಿಸಿದ್ರೆ, ಬಂದಿದ್ದು ವೈರಿಗಳದ್ದು, ಟೊರಾಂಟೊ ಮೇಪಲ್ ಲೀಫ್ಸ್‌ನ ನೀಲಿ ಸ್ವೆಟರ್! ವಾಪಸ್ ಕಳಿಸಿದ್ರೆ ಈಟನ್ ಸಾಹೇಬರಿಗೆ ಬೇಜಾರಾಗುತ್ತೆ ಅಂತ ಅಮ್ಮ ಅದನ್ನೇ ಹಾಕಿಸ್ತಾಳೆ. ಕೊನೆಗೆ ಹುಡುಗ ಚರ್ಚಲ್ಲಿ ಕೂತು ದೇವರಿಗೆ ಬೇಡ್ಕೊಳ್ಳೋದು ಏನು ಗೊತ್ತಾ, ಬೇಗ ಹುಳಗಳನ್ನ ಕಳಿಸಿ ಈ ಸ್ವೆಟರ್ ತಿನ್ನಿಸಪ್ಪಾ ಅಂತ. ನಾನು ನಕ್ಕೂ ನಕ್ಕೂ ಸಾಕಾಯ್ತು, ಆದ್ರೆ ಅಷ್ಟೂ ಕೆಂಪು ಸ್ವೆಟರ್‌ಗಳ ಮಧ್ಯ ಒಂದೇ ಒಂದು ನೀಲಿ ಹಾಕ್ಕೊಂಡು ನಿಂತ ಆ ಮಗು ನೆನೆಸ್ಕೊಂಡ್ರೆ ಹೊಟ್ಟೇಲಿ ಏನೋ ಆಗುತ್ತೆ. ಈ ಕಥೆಯ ಸಾಲು 2002ರ ಕೆನಡಾದ 5 ಡಾಲರ್ ನೋಟಿನ ಮೇಲೆ ಹಾಕಿ ಆಡೋ ಮಕ್ಕಳ ಚಿತ್ರದ ಜೊತೆ ಇತ್ತು. ಸ್ವೀಡನ್‌ನವರೂ ಅಷ್ಟೇ, 2015ರಿಂದ ಅವರ 20 ಕ್ರೋನಾ ನೋಟಲ್ಲಿ ಲಿಂಡ್‌ಗ್ರೆನ್ ಅಜ್ಜಿ ಇದಾಳೆ, ಜೊತೆಗೆ ಪಿಪ್ಪಿನೂ.

ಈಗ ನನ್ನ ನಿಜವಾದ ಸಿಟ್ಟಿನ ವಿಷಯ. ಅದೇ ರಾತ್ರಿ ಪುಸ್ತಕದ ರೌಂಡಲ್ಲಿ ಒಂದು ಪ್ರಶ್ನೆ, ಹಾಲೆಂಡಲ್ಲಿ ಸಮುದ್ರ ತಡೆಯೋ ಒಡ್ಡಿನ ತೂತಿಗೆ ಬೆರಳಿಟ್ಟು ಊರು ಉಳಿಸಿದ ಹುಡುಗ ಯಾರು ಅಂತ. ನಾವು ಬರೆದಿದ್ದು, ಹ್ಯಾನ್ಸ್ ಬ್ರಿಂಕರ್ ಪುಸ್ತಕದಲ್ಲಿ ಬರೋ ಹೆಸರಿಲ್ಲದ ಹುಡುಗ. ಕ್ವಿಜ್ ಮಾಸ್ಟರ್ ಪೇಪರಲ್ಲಿದ್ದ ಉತ್ತರ, ಹ್ಯಾನ್ಸ್ ಬ್ರಿಂಕರ್. ಮಾರ್ಕ್ ಇಲ್ಲ! ಅಲ್ಲ ಮಾರಾಯ, ಮೇರಿ ಮೇಪ್ಸ್ ಡಾಜ್ 1865ರಲ್ಲಿ ಬರೆದ ಆ ಕಾದಂಬರೀಲಿ ಹ್ಯಾನ್ಸ್ ಬರೀ ಸ್ಕೇಟಿಂಗ್ ಮಾಡೋ ಬಡ ಹುಡುಗ, ಬೆರಳಿಟ್ಟ ಹುಡುಗನದ್ದು ಪುಸ್ತಕದೊಳಗೆ ಬರೋ ಇನ್ನೊಂದು ಸಣ್ಣ ಕಥೆ. ಅಷ್ಟೇ ಅಲ್ಲ, ಪುಸ್ತಕದ ಹೆಸರಲ್ಲಿರೋ ಬೆಳ್ಳಿ ಸ್ಕೇಟ್ಸ್ ಕೂಡ ಹ್ಯಾನ್ಸ್‌ಗೆ ಸಿಗಲ್ಲ, ತನ್ನ ಸ್ಕೇಟಿನ ಪಟ್ಟಿ ಬಿಚ್ಚಿ ಗೆಳೆಯ ಪೀಟರ್‌ಗೆ ಕೊಡ್ತಾನೆ, ಗೆಲ್ಲೋದು ಪೀಟರ್ರು. ಇದೆಲ್ಲ ನಿಂತ್ಕೊಂಡು ಹೇಳ್ದೆ. ಪೇಪರಲ್ಲಿ ಇರೋದೇ ಫೈನಲ್ ಅಂದ್ರು. ಆ ಒಂದು ಮಾರ್ಕ್ ಕೊಟ್ಟಿದ್ರೆ ಟೈ ಆಗ್ತಿತ್ತು, ಅದರ ಜೊತೆ ನಾನು ಟೋ ಬ್ಲೇಕ್‌ನೂ ಸರಿ ಬರೆದಿದ್ರೆ ಗೆದ್ದೇ ಬಿಡ್ತಿದ್ವಿ. ಮನೆಗೆ ಬರೋ ದಾರಿಯೆಲ್ಲ ಹಾಕಿ ಹುಚ್ಚನಿಗೆ ನಾನು ಹ್ಯಾನ್ಸ್ ಅಂದೆ, ಅವನು ನನಗೆ ಟೋ ಅಂದ.

ಮುಂದಿನ ಸಲ ಪ್ರಶ್ನೆ ಮಾಡೋ ಸರದಿ ನಮ್ಮದು, ಗೊತ್ತಲ್ಲ. ಒಂದು ನಾನು ರೆಡಿ ಮಾಡಿದೀನಿ. ರಿಷಾರ್ 50 ಮ್ಯಾಚಲ್ಲಿ 50 ಗೋಲ್ ಪೂರೈಸಿದ ವರ್ಷ, ಪಿಪ್ಪಿ ಪುಸ್ತಕ ಬಂದ ವರ್ಷ, ಮೂಮಿನ್ ಅನ್ನೋ ದಪ್ಪ ಮೂತಿಯ ಕಥೆ ಪ್ರಾಣಿಗಳ ಮೊದಲ ಪುಸ್ತಕ ಬಂದ ವರ್ಷ, ಇಲಿಯಷ್ಟೇ ಇರೋ ಸ್ಟುವರ್ಟ್ ಲಿಟ್ಲ್ ಬಂದ ವರ್ಷ, ನಾಲ್ಕೂ ಒಂದೇ, ಯಾವುದು? 1945. ಯುದ್ಧ ಮುಗಿದ ವರ್ಷ ಅಂತ ಒಂದು ಸುಳಿವು ಕೊಟ್ರೆ ಸಾಕು. ಇನ್ನೊಂದು ವಿನಿಪೆಗ್ ಮೇಲೆ ಮಾಡ್ಬಹುದು, 1992-93ರಲ್ಲಿ ಮೊದಲ ಸೀಸನ್‌ನಲ್ಲೇ 76 ಗೋಲ್ ಹೊಡೆದ ಟೀಮು ಸೆಲಾನ್ನೆ ಆಡ್ತಿದ್ದ ಊರಿಗೂ ಜೇನು ತಿನ್ನೋ ಕರಡಿಗೂ ಏನು ಸಂಬಂಧ ಅಂತ. ಸೆಲಾನ್ನೆ ಫಿನ್ಲೆಂಡ್‌ನವನು, ಮೂಮಿನ್‌ಗಳೂ ಅಲ್ಲಿಯವೇ, ಜನ ಆ ಕಡೆ ಹುಡುಕ್ತಾ ದಾರಿ ತಪ್ತಾರೆ, ತಪ್ಪಲಿ.

ಆ 'ಹಾ' 'ಪು' ರೌಂಡ್ ಮಾತ್ರ ಮತ್ತೆ ಇಡ್ಲೇಬೇಕು, ಸೇಡು ತೀರಿಸ್ಕೋಬೇಕಲ್ಲ. ನಿನ್ನ ಮೇಲೆ ಟೆಸ್ಟ್ ಮಾಡ್ತೀನಿ: ಬನ್ ಕುಕ್, ಇಸ್ರೇಲ್ ಹ್ಯಾಂಡ್ಸ್, ಟೈನಿ ಥಾಂಪ್ಸನ್, ಬೆನ್ ಗನ್, ಹ್ಯಾಪ್ ಡೇ. ಐದಕ್ಕೂ ಬರೆದು ಕಳಿಸು. ಸರ್ಚ್ ಮಾಡ್ಬೇಡ, ಮಾಡಿದ್ರೆ ನನಗೆ ಗೊತ್ತಾಗುತ್ತೆ, ನೀನು ಐದೂ ಸರಿ ಹೇಳೋ ಪೈಕಿ ಅಲ್ಲ.

ನಿನ್ನ,
ಪೇಪರ್ ತೂತು ಮಾಡಿದವನು