ಮೆಟ್ಟಿಲಿನ ಪಟ್ಟಿ ಕಿತ್ತು ನಮ್ಮ ನಾಯಿ ಮೋತಿ ಬಿದ್ದ ಬಗ್ಗೆ ದೂರು

ಗೆ,
ಅಂಗಡಿಯ ಮಾಲೀಕರಿಗೆ

ಮಾನ್ಯರೇ,

5 ಸಲ ಫೋನ್ ಮಾಡಿದೆ. 2 ಸಲ ಅಂಗಡಿಗೇ ಬಂದೆ. ಬಾಯಿಮಾತು ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕಲಬುರಗಿಯ ನಮ್ಮ ಮನೆಯ 14 ಮೆಟ್ಟಿಲಿಗೂ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು. ಮೋತಿ 9 ವರ್ಷದ ಡ್ಯಾಶ್‌ಹಂಡ್. ಉದ್ದ ಬೆನ್ನು, ಗಿಡ್ಡ ಕಾಲು. ಈ ಜಾತಿಗೆ ಬೆನ್ನುಮೂಳೆಯ ಡಿಸ್ಕ್ ತೊಂದರೆ ಜಾಸ್ತಿ, ಬಿದ್ದರೆ ಹಿಂಗಾಲಿನ ಬಲವೇ ಹೋಗಬಹುದು ಅಂತ ಡಾಕ್ಟರ್ ಎಚ್ಚರಿಸಿದ್ದರು. ಎತ್ತಿಕೊಂಡು ಇಳಿಸೋಣ ಅಂದರೆ ನನಗೆ ಮಂಡಿನೋವು. ಅದಕ್ಕೇ ನಿಮ್ಮ ಅಂಗಡಿಯಿಂದ ಮೆಟ್ಟಿಲಿಗೆ ಜಾರದ ಪಟ್ಟಿ ಹಾಕಿಸಿದ್ದು. ಆರ್ಡರ್ ಕೊಡುವಾಗಲೇ ಇದೆಲ್ಲ ಹೇಳಿದ್ದೆ, ನೀವು ಬಿಲ್ಲಿನ ಮೇಲೂ ‘ನಾಯಿಗೆ’ ಅಂತ ಬರೆದಿದ್ದೀರಿ.

ಪಟ್ಟಿ ಹಾಕಿಸಿದ 12ನೇ ದಿನ ಮೇಲಿನಿಂದ 3ನೇ ಮೆಟ್ಟಿಲಿನ ಪಟ್ಟಿ ಅವನ ಕಾಲಡಿಯಲ್ಲೇ ಸರಿಯಿತು. ಉಗುರು ಕಲ್ಲಿಗೆ ಪರಪರ ಕೆರೆದ ಸದ್ದು ಅಡುಗೆಮನೆಗೆ ಕೇಳಿಸಿತು. ಓಡಿ ಬರುವಷ್ಟರಲ್ಲಿ 4 ಮೆಟ್ಟಿಲು ಉರುಳಿದ್ದ. ಈಗಲೂ ಹಿಂಗಾಲು ಎಳೆದುಕೊಂಡೇ ನಡೆಯುತ್ತಾನೆ. ಪಟ್ಟಿ ತಿರುಗಿಸಿದರೆ ಗಮ್ಮಿನ ತುಂಬ ಬೂದು ಪುಡಿ. ಕಲ್ಲು ಒರೆಸಿ, ಒಣಗಿಸಿ ಅಂಟಿಸಬೇಕು ಅನ್ನೋದು ನಿಮಗೆ ಗೊತ್ತಿಲ್ಲದ ವಿಷಯವಾ?

ಕಳೆದ ಸೋಮವಾರ ಅದೇ ಪಟ್ಟಿ ಹಿಡಿದು ಅಂಗಡಿಗೆ ಬಂದೆ. ಕೌಂಟರಿನಲ್ಲಿದ್ದವರು ಕೂಡ್ರಿ ಅನ್ನಲಿಲ್ಲ. ಚಹಾ ಕುಡಿಯುತ್ತಲೇ ‘ಏನಾತ್ರಿ ಅಕ್ಕಾರ?’ ಅಂದರು. ತೋರಿಸಿದೆ. ಮುಟ್ಟಲಿಲ್ಲ. ‘ಮಂದಿ ಯಾರರೆ ಬಿದ್ದಾರೇನ್ರಿ?’ ಇಲ್ಲ ಅಂದೆ. ‘ಮತ್ತ ನಾಯಿ ಸಲುವಾಗಿ ಇಷ್ಟು ಬಿಸಿಲಾಗ ಬಂದೀರಾ?’ ಆಮೇಲೆ ಒಳಗಿನ ಹುಡುಗನನ್ನು ಕರೆದು, ನನ್ನ ಎದುರಿಗೇ, ‘ನೋಡೋ, ನಾಯಿ ಬಿದ್ದದಂತ’ ಅಂದರು. ಹುಡುಗ ನಕ್ಕ. ಇನ್ನೊಬ್ಬ ಗಿರಾಕಿಯೂ ನಕ್ಕರು. ಕೌಂಟರಿನವರು ಲೋಟ ಕೆಳಗಿಟ್ಟು ಆ ಗಿರಾಕಿಗೆ ಟೈಲ್ಸ್ ತೋರಿಸೋಕೆ ಹೋದರು. 58 ವರ್ಷದ ನಾನು ಬೆರಳಿಗೆ ಹತ್ತಿದ ಪುಡಿ ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತೇ ಇದ್ದೆ. ಮನೆಗೆ ಬಂದು ಅತ್ತಿದ್ದೇನೆ.

ಬಿಲ್ಲಿನ ಹಿಂದೆ 1 ವರ್ಷದ ಗ್ಯಾರಂಟಿ ಅಚ್ಚು ಹಾಕಿಸಿದವರು ನೀವೇ. ಮಂದಿ ಬಿದ್ದರೆ ಮಾತ್ರ ಅಂತ ಅದರಲ್ಲಿ ಎಲ್ಲೂ ಇಲ್ಲ.

7 ದಿನದೊಳಗೆ ಎಲ್ಲ ಪಟ್ಟಿ ತೆಗೆದು, ಕಲ್ಲು ತೊಳೆದು, ಹೊಸದು ಹಾಕಿಕೊಡಿ. ಡಾಕ್ಟರ್ ಖರ್ಚೂ ಕೊಡಿ. ಇಲ್ಲದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ದೂರು ಕೊಡೋಕೆ 2 ವರ್ಷ ಟೈಮಿದೆ, ವಕೀಲರು ಬೇಕೇಬೇಕು ಅಂತಿಲ್ಲ. ಬಿಲ್ಲು, ಫೋಟೋ, ಆ ಪಟ್ಟಿ ಎಲ್ಲ ಎತ್ತಿಟ್ಟಿದ್ದೇನೆ. ದುಡ್ಡು ಬಂದರೆ ಬರಲಿ, ಬಿಟ್ಟರೆ ಬಿಡಲಿ. ಕೌಂಟರಿನಲ್ಲಿ ಅಂದ ಮಾತನ್ನು ಅವರು ಆಯೋಗದ ಎದುರು ನಿಂತು ಇನ್ನೊಂದು ಸಲ ಹೇಳಬೇಕು.

ಇಂತಿ,
ನಿಮ್ಮ ಗ್ರಾಹಕಿ